ಹತ್ತು ದಿನದಲ್ಲಿ ಒಂದು ಲಕ್ಷ ಸೈನಿಕರು: ಮಿತ್ರದೇಶಗಳ ಪಡೆ ಸಮಯಕ್ಕೆ ತಲುಪುತ್ತದಾ?

ವೈಟ್‌ಫೀಲ್ಡ್ ಸಾಗಣೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಮರಾಭ್ಯಾಸದ ಮಾತು ಬಂದಾಗಲೆಲ್ಲ ಯಾವ ವಿಮಾನ ಮೇಲು, ಯಾವ ಕ್ಷಿಪಣಿ ಮೇಲು ಅಂತಲೇ ಚರ್ಚೆ ಮುಗಿದು ಹೋಗುತ್ತದೆ. ನನಗೆ ಬೇರೆ ಒಂದು ವಿಷಯ ಕೇಳಬೇಕಿದೆ. ನನ್ನ ಕೆಲಸ ಭಾರಿ ಸರಕಿನ ಸಾಗಣೆ. ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಚೆನ್ನೈ ಬಂದರಿನಿಂದ ಬೆಂಗಳೂರಿಗೆ ಬರಬೇಕು ಅಂದರೆ ಲಾರಿ ಹೊರಡುವ ಎಷ್ಟೋ ಮೊದಲೇ ನಮ್ಮ ಕೆಲಸ ಶುರುವಾಗುತ್ತದೆ. ಒಂದೊಂದು ಆಕ್ಸಲ್ ಮೇಲೆ ಎಷ್ಟು ಭಾರ ಬೀಳುತ್ತದೆ, ಯಾವ ಸೇತುವೆ ತಡೆಯುತ್ತದೆ, ಎಲ್ಲಿ ಕರೆಂಟ್ ತಂತಿ ಕೆಳಗಿದೆ, ಯಾವ ರಾಜ್ಯದ ಅನುಮತಿ ಇನ್ನೂ ಬಂದಿಲ್ಲ. ಇದೆಲ್ಲ ಒಂದೇ ದೇಶದೊಳಗೆ, ಒಂದೇ ಒಂದು ಸಾಮಾನಿಗೆ.

ಈಗ ನ್ಯಾಟೊ, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಮೈತ್ರಿಕೂಟದ ಲೆಕ್ಕ ನೋಡಿ. 2022ರ ಮ್ಯಾಡ್ರಿಡ್ ಶೃಂಗಸಭೆಯಲ್ಲಿ ಹೊಸ ಯೋಜನೆ ಒಪ್ಪಿಕೊಂಡರು. 10 ದಿನದೊಳಗೆ 1 ಲಕ್ಷಕ್ಕೂ ಹೆಚ್ಚು ಸೈನಿಕರು ಸಿದ್ಧ ಇರಬೇಕು. 30 ದಿನದೊಳಗೆ ಇನ್ನೂ ಸುಮಾರು 2 ಲಕ್ಷ. ಸೈನಿಕ ವಿಮಾನ ಹತ್ತಿ ಬಂದುಬಿಡುತ್ತಾನೆ. ಅವನ ಟ್ಯಾಂಕು? ಅಮೆರಿಕದ ಈಗಿನ ಎಬ್ರಾಮ್ಸ್ ಸುಮಾರು 67 ಟನ್. ಅದನ್ನು ಹಡಗಿನಿಂದ ಇಳಿಸಿ, ರೈಲಿಗೆ ಹತ್ತಿಸಿ, ಎರಡು ಮೂರು ದೇಶದ ಗಡಿ ದಾಟಿಸಬೇಕು.

2024ರ ಜನವರಿಯಿಂದ ಮೇವರೆಗೆ ನಡೆದ ಸ್ಟೆಡ್‌ಫಾಸ್ಟ್ ಡಿಫೆಂಡರ್ ಅಭ್ಯಾಸದಲ್ಲಿ ಸುಮಾರು 90,000 ಜನ ಇದ್ದರು. ಶೀತಲ ಸಮರ ಮುಗಿದ ಮೇಲೆ ನ್ಯಾಟೊ ನಡೆಸಿದ ಅತಿ ದೊಡ್ಡ ಅಭ್ಯಾಸ ಅದು. 50ಕ್ಕೂ ಹೆಚ್ಚು ಹಡಗು, 1,100ಕ್ಕೂ ಹೆಚ್ಚು ಯುದ್ಧ ವಾಹನ. ಟಿವಿಯಲ್ಲಿ ತೋರಿಸಿದ್ದು ನದಿ ದಾಟುವ ಟ್ಯಾಂಕು, ಹಾರುವ ಹೆಲಿಕಾಪ್ಟರ್. ಆದರೆ ಅಂಥ ಅಭ್ಯಾಸದ ನಿಜವಾದ ಪರೀಕ್ಷೆ ಬಂದರಿನ ಕಟ್ಟೆ, ರೈಲಿನ ಹಳಿ, ಗಡಿಯ ಕಚೇರಿ ಇಲ್ಲೇ ನಡೆಯುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಸೇನೆಯಲ್ಲಿ ಇದ್ದವರು, ಓದಿಕೊಂಡವರು ಏನಂತೀರಿ?

ಹಲಸೂರು ಸ್ಯಾಪರ್:

ತಮ್ಮಾ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯ. ನಾನು ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ತಯಾರಾದವನು. ಸೇತುವೆ ಹಾಕುವುದೇ ನಮ್ಮ ಕಸುಬು.

ಸೇನೆಯಲ್ಲಿ ಪ್ರತಿ ವಾಹನಕ್ಕೂ ಒಂದು ಲೋಡ್ ಕ್ಲಾಸ್, ಅಂದರೆ ಭಾರದ ದರ್ಜೆಯ ನಂಬರು ಇರುತ್ತದೆ, ಪ್ರತಿ ಸೇತುವೆಗೂ ಇರುತ್ತದೆ. ಎರಡು ನಂಬರು ಹೊಂದಿದರೆ ದಾಟು, ಇಲ್ಲದಿದ್ದರೆ ಬೇರೆ ದಾರಿ ಹುಡುಕು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿಯ ಸೇತುವೆಗಳ ಪಕ್ಕ ಹಳದಿ ಬಣ್ಣದ ದುಂಡನೆ ಬೋರ್ಡು ಹಾಕಿದ್ದರು. ಚಕ್ರದ ಗಾಡಿಗೆ ಒಂದು ನಂಬರು, ಟ್ಯಾಂಕಿಗೆ ಒಂದು ನಂಬರು. ಯಾವ ದೇಶದ ಡ್ರೈವರ್ ಬಂದರೂ ಭಾಷೆ ಗೊತ್ತಿರಬೇಕಾಗಿಲ್ಲ. ಬೋರ್ಡು ನೋಡಿದರೆ ಸಾಕು.

ನಮ್ಮಲ್ಲೂ ಅದೇ ಲೆಕ್ಕ. ಗಡಿ ರಸ್ತೆ ಸಂಸ್ಥೆ ಲಡಾಖ್, ಅರುಣಾಚಲದಲ್ಲಿ ಈಗ ಕಟ್ಟುತ್ತಿರುವ ಸೇತುವೆಗಳಲ್ಲಿ ಬಹಳಷ್ಟು ಕ್ಲಾಸ್ 70. ಟಿ-90 ಟ್ಯಾಂಕು 46 ಟನ್, ಅರ್ಜುನ್ ಮಾರ್ಕ್ 1ಎ 68 ಟನ್. ಈ 22 ಟನ್ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಹಳೇ ಕಾಲುವೆ ಸೇತುವೆ ಮುಂದೆ ನಿಂತಾಗ ಅದರ ಅರ್ಥ ಗೊತ್ತಾಗುತ್ತದೆ.

ಒಂದು ವಿಷಯ ಕಣ್ಣಾರೆ ಕಂಡದ್ದು ಹೇಳುತ್ತೇನೆ. ತಾತ್ಕಾಲಿಕ ಸೇತುವೆ ಮೇಲೆ ಟ್ಯಾಂಕು ಹತ್ತುವಾಗ ಡ್ರೈವರಿಗೆ ಎರಡೂ ಕಡೆ ಅಂಚು ಕಾಣುವುದಿಲ್ಲ. ಎದುರಿಗೆ ನಮ್ಮವನೊಬ್ಬ ಹಿಮ್ಮುಖವಾಗಿ ನಡೆಯುತ್ತಾ ಕೈಸನ್ನೆ ಮಾಡುತ್ತಿರುತ್ತಾನೆ. ಡ್ರೈವರ್ ಗೇರ್ ಬದಲಿಸುವ ಹಾಗಿಲ್ಲ, ಬ್ರೇಕ್ ಒತ್ತುವ ಹಾಗಿಲ್ಲ, ನಡುವೆ ನಿಲ್ಲುವ ಹಾಗಿಲ್ಲ. ಮುಂದಿನ ಗಾಡಿ ಎಷ್ಟು ದೂರ ಹೋದ ಮೇಲೆ ಇದು ಹತ್ತಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಒಂದೇ ರೆಜಿಮೆಂಟಿನವರಾದರೂ ಇದಕ್ಕೆ ಎಷ್ಟೋ ಸಲ ಅಭ್ಯಾಸ ಬೇಕು. ಡ್ರೈವರ್ ಒಂದು ದೇಶದವನು, ಸನ್ನೆ ಮಾಡುವವನು ಇನ್ನೊಂದು ದೇಶದವನು ಆದರೆ? ರಾತ್ರಿ ಹೊತ್ತು, ಲೈಟ್ ಇಲ್ಲದೆ ಆದರೆ? ಅದಕ್ಕೇ ಒಟ್ಟಿಗೆ ಅಭ್ಯಾಸ ಮಾಡುವುದು.

ಗಿರಿನಗರದ ಟೀಚರ್:

ಈ ಚರ್ಚೆಗೆ ಸ್ವಲ್ಪ ಚರಿತ್ರೆ ಸೇರಿಸುತ್ತೇನೆ. ಇದು ಹೊಸ ತಲೆನೋವಲ್ಲ.

1960ರ ದಶಕದ ಕೊನೆಯಲ್ಲಿ ಅಮೆರಿಕ ಜರ್ಮನಿಯಲ್ಲಿದ್ದ ತನ್ನ ಪಡೆಯಲ್ಲಿ ಒಂದು ಭಾಗವನ್ನು ವಾಪಸ್ ಕರೆಸಿಕೊಂಡಿತು. ವಿಯೆಟ್ನಾಂ ಯುದ್ಧದ ಕಾಲ, ಖರ್ಚೂ ಜಾಸ್ತಿ. ಯುರೋಪಿನವರಿಗೆ ದಿಗಿಲಾಯಿತು. ಯುದ್ಧ ಬಂದರೆ ನೀವು ಬರುತ್ತೀರಿ ಅನ್ನುವುದಕ್ಕೆ ಏನು ಖಾತ್ರಿ ಅಂತ ಕೇಳಿದರು. ಅದಕ್ಕೆ ಉತ್ತರವಾಗಿ ಹುಟ್ಟಿದ್ದೇ ರಿಫೋರ್ಜರ್ ಅಭ್ಯಾಸ. ಮೊದಲನೆಯದು 1969ರಲ್ಲಿ, ಕೊನೆಯದು 1993ರಲ್ಲಿ. ಅಮೆರಿಕದ ನೆಲದಿಂದ ಸೈನಿಕರನ್ನು ಅಟ್ಲಾಂಟಿಕ್ ದಾಟಿಸಿ ಜರ್ಮನಿಗೆ ತಂದು, ಬಯಲಿಗೆ ಇಳಿಸಿ ತೋರಿಸುವುದು. 10 ದಿನದಲ್ಲಿ 10 ಡಿವಿಷನ್ (ಒಂದೊಂದೂ ಸಾವಿರಾರು ಸೈನಿಕರ ದೊಡ್ಡ ಪಡೆ) ಅನ್ನುವುದು ಆಗಿನ ಗುರಿ. 1988ರ ರಿಫೋರ್ಜರ್‌ನಲ್ಲಿ ಸುಮಾರು 1,25,000 ಸೈನಿಕರಿದ್ದರು.

ಟ್ಯಾಂಕುಗಳನ್ನೆಲ್ಲ ಪ್ರತಿ ಸಲ ಹಡಗಿನಲ್ಲಿ ತರುವುದು ಆಗದ ಮಾತು. ಹಾಗಾಗಿ ಒಂದೊಂದು ತುಕಡಿಗೆ ಬೇಕಾದ ಗಾಡಿ, ಟ್ಯಾಂಕು, ಬಿಡಿಭಾಗ ಎಲ್ಲವನ್ನೂ ಜರ್ಮನಿಯ ಗೋದಾಮುಗಳಲ್ಲಿ ಮೊದಲೇ ಜೋಡಿಸಿಟ್ಟರು. ಮುಂದೆ ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲೂ ಇಟ್ಟರು. ನಾರ್ವೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೆಟ್ಟ ಕೊರೆದು ಗುಹೆಗಳಲ್ಲಿ ಅಮೆರಿಕದ ಮರೀನ್ ಪಡೆಯ ಸಾಮಾನು ಇಟ್ಟರು. ಆ ಗುಹೆಗಳು ಈಗಲೂ ಬಳಕೆಯಲ್ಲಿವೆ.

ನನಗೆ ತುಂಬಾ ಇಷ್ಟವಾದ ವಿವರ ಬೇರೆ. ಜರ್ಮನಿಯ ಹಳ್ಳಿಗಳಲ್ಲಿ ಟ್ಯಾಂಕುಗಳು ಬೀಟ್‌ರೂಟ್ ಹೊಲ ತುಳಿಯುತ್ತಿದ್ದವು, ಬೇಲಿ ಮುರಿಯುತ್ತಿದ್ದವು, ರಸ್ತೆ ಕಿತ್ತು ಹಾಕುತ್ತಿದ್ದವು. ಹಾನಿಯ ಲೆಕ್ಕ ಹಾಕಿ ರೈತರಿಗೆ ಪರಿಹಾರ ಕೊಡುವುದಕ್ಕೆ ಅಂತಲೇ ಸಿಬ್ಬಂದಿ ಇದ್ದರು. ಅಭ್ಯಾಸ ನಡೆಸುವ ನೆಲದ ಜನ ಎದುರು ನಿಂತರೆ ಯಾವ ಮೈತ್ರಿಯೂ ಹೆಚ್ಚು ದಿನ ಬಾಳುವುದಿಲ್ಲ. ಅದನ್ನು ಅವರು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು.

ಯಲಹಂಕ ರನ್‌ವೇ:

ಟೀಚರ್, ಸೂಪರ್ ಮಾಹಿತಿ. ಅಷ್ಟೆಲ್ಲ ಅಭ್ಯಾಸ ಮಾಡಿದ್ದು ಯಾವತ್ತಾದರೂ ಉಪಯೋಗಕ್ಕೆ ಬಂತಾ? ಜರ್ಮನಿಯಲ್ಲಿ ಯುದ್ಧವೇ ಆಗಲಿಲ್ಲವಲ್ಲ.

ಗಿರಿನಗರದ ಟೀಚರ್:

ಬಂತು, ಆದರೆ ಬೇರೆ ಕಡೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಆ ನವೆಂಬರ್‌ನಲ್ಲಿ ಜರ್ಮನಿಯಲ್ಲಿದ್ದ ಅಮೆರಿಕದ 7ನೇ ಕೋರ್‌ಗೆ (ಕೋರ್ ಅಂದರೆ ಹಲವು ಡಿವಿಷನ್ ಸೇರಿದ ಪಡೆ) ಸೌದಿಗೆ ಹೊರಡಿ ಅಂತ ಆದೇಶ ಬಂತು. ಸಾವಿರಾರು ಟ್ಯಾಂಕು, ಗಾಡಿಗಳು ರೈಲು, ದೋಣಿ, ಲಾರಿಗಳಲ್ಲಿ ಬಂದರು ಸೇರಿ ಹಡಗು ಹತ್ತಿದವು. ರಿಫೋರ್ಜರ್‌ನಲ್ಲಿ ಬಂದರಿನಿಂದ ಒಳಕ್ಕೆ ಬರುವುದನ್ನು ಅಭ್ಯಾಸ ಮಾಡಿದ್ದರು. ಈಗ ಅದೇ ದಾರಿಯಲ್ಲಿ ತಿರುಗಿ ಹೋದರು. 1991ರ ಫೆಬ್ರವರಿಯಲ್ಲಿ ನೆಲದ ಯುದ್ಧ ಶುರುವಾದಾಗ ಆ ಕೋರ್ ಮರಳುಗಾಡಿನಲ್ಲಿ ಸಿದ್ಧವಾಗಿತ್ತು.

ಬಸವನಗುಡಿ ಪ್ರಶ್ನೆ:

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಅಭ್ಯಾಸವನ್ನು ಬರೀ ಸಿದ್ಧತೆ ಅಂತ ನೋಡುತ್ತಿದ್ದೀರಿ. ಎದುರಿನವನಿಗೆ ಅದು ಹೇಗೆ ಕಾಣುತ್ತದೆ? ಗಡಿ ಹತ್ತಿರ ಲಕ್ಷ ಜನ ಬಂದು ನಿಂತರೆ ಅದು ಅಭ್ಯಾಸವೋ ಯುದ್ಧವೋ ಅಂತ ಅವನು ಹೇಗೆ ತಿಳಿಯಬೇಕು?

2022ರ ಫೆಬ್ರವರಿ 10ರಿಂದ 20ರವರೆಗೆ ರಷ್ಯಾ ಮತ್ತು ಬೆಲಾರುಸ್ ಜಂಟಿ ಅಭ್ಯಾಸ ಮಾಡಿದವು. ಮುಗಿದ ಮೇಲೆ ಪಡೆ ವಾಪಸ್ ಹೋಗಲಿಲ್ಲ. 24ಕ್ಕೆ ಉಕ್ರೇನ್ ಮೇಲೆ ಬಿದ್ದರು. 1973ರಲ್ಲಿ ಈಜಿಪ್ಟ್ ಕೂಡ ಅಭ್ಯಾಸದ ಹೆಸರಿನಲ್ಲೇ ಸೂಯೆಜ್ ದಡದಲ್ಲಿ ಸೇನೆ ಜಮಾಯಿಸಿ ಅಕ್ಟೋಬರ್ 6ಕ್ಕೆ ಕಾಲುವೆ ದಾಟಿತು. ಇದು ತಿರುಗುಮುರುಗಾಗಿಯೂ ಆಗಬಹುದು. 1983ರ ನವೆಂಬರ್‌ನಲ್ಲಿ ನ್ಯಾಟೊ ನಡೆಸಿದ ಏಬಲ್ ಆರ್ಚರ್ ಬರೀ ಕಮಾಂಡ್ ಪೋಸ್ಟ್ ಅಭ್ಯಾಸ, ಅಂದರೆ ಪಡೆಗಳನ್ನು ಬಯಲಿಗೆ ಇಳಿಸದೆ ಅಧಿಕಾರಿಗಳು ಕಚೇರಿಯಲ್ಲೇ ಮಾಡುವಂಥದ್ದು. ಆದರೂ ಸೋವಿಯತ್ ಕಡೆಯವರು ಗಾಬರಿಯಾಗಿ ತಮ್ಮ ಕೆಲವು ಪಡೆಗಳನ್ನು ಎಚ್ಚರ ಸ್ಥಿತಿಗೆ ತಂದರು.

ವೇಗ ಜಾಸ್ತಿ ಆದಷ್ಟೂ ಯೋಚನೆ ಮಾಡುವ ಸಮಯ ಕಡಿಮೆ ಆಗುತ್ತದೆ. ನನಗೆ ಭಯ ಇರುವುದು ಅಲ್ಲಿ.

ಗಿರಿನಗರದ ಟೀಚರ್:

ನಿಮ್ಮ ಭಯ ನ್ಯಾಯವಾದದ್ದೇ ಸಾರ್. ನಮ್ಮ ದೇಶವೇ ಅದನ್ನು ಅನುಭವಿಸಿದೆ. 1986ರ ಕೊನೆಯಲ್ಲಿ, ಜನರಲ್ ಸುಂದರ್‌ಜಿ ಸೇನಾ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ರಾಜಸ್ಥಾನದಲ್ಲಿ ಬ್ರಾಸ್‌ಟ್ಯಾಕ್ಸ್ ಅನ್ನುವ ದೊಡ್ಡ ಅಭ್ಯಾಸ ನಡೆಯಿತು. ಪಾಕಿಸ್ತಾನ ತನ್ನ ಮೀಸಲು ಪಡೆಗಳನ್ನು ಗಡಿ ಕಡೆ ಸರಿಸಿತು. 1987ರ ಜನವರಿಯಲ್ಲಿ ಎರಡೂ ದೇಶ ಯುದ್ಧದ ಅಂಚಿಗೆ ಬಂದಿದ್ದವು.

ಆದರೆ ಅದರ ನಂತರ ಆದದ್ದನ್ನೂ ನೋಡಬೇಕಲ್ವಾ? 1991ರಲ್ಲಿ ಭಾರತ ಮತ್ತು ಪಾಕಿಸ್ತಾನ ದೊಡ್ಡ ಅಭ್ಯಾಸಗಳ ಬಗ್ಗೆ ಮೊದಲೇ ತಿಳಿಸುವ ಒಪ್ಪಂದ ಮಾಡಿಕೊಂಡವು. 1996ರಲ್ಲಿ ಚೀನಾ ಜೊತೆಗಿನ ಒಪ್ಪಂದದಲ್ಲಿ, ಗಡಿ ರೇಖೆ ಹತ್ತಿರ ಒಂದು ಡಿವಿಷನ್, ಅಂದರೆ ಸುಮಾರು 15,000 ಜನಕ್ಕಿಂತ ದೊಡ್ಡ ಅಭ್ಯಾಸ ಬೇಡ ಅಂತ ಬರೆದುಕೊಂಡರು. ಯುರೋಪಿನಲ್ಲಿ ವಿಯೆನ್ನಾ ದಾಖಲೆ ಇದೆ. 9,000 ಸೈನಿಕರು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 42 ದಿನ ಮೊದಲೇ ತಿಳಿಸಬೇಕು. 13,000 ದಾಟಿದರೆ ಬೇರೆ ದೇಶದವರನ್ನು ನೋಡುವುದಕ್ಕೆ ಕರೆಯಬೇಕು.

ರಷ್ಯಾ 2022ರಲ್ಲಿ ಏನು ಮಾಡಿತು ಅನ್ನುವುದು ಎಲ್ಲರಿಗೂ ಗೊತ್ತು. ಒಬ್ಬರು ಒಪ್ಪಂದ ಗಾಳಿಗೆ ತೂರಿದರು ಅಂತ ಉಳಿದವರೂ ಮುಚ್ಚಿಟ್ಟು ಅಭ್ಯಾಸ ಮಾಡಿದರೆ ಅಪಾಯ ಇನ್ನೂ ಜಾಸ್ತಿ. ಊರಿಗೆಲ್ಲ ಹೇಳಿ, ದಿನಾಂಕ ಕೊಟ್ಟು, ಪತ್ರಕರ್ತರನ್ನು ಕರೆದು ಮಾಡುವ ಅಭ್ಯಾಸವೇ ಕಡಿಮೆ ಅಪಾಯದ್ದು.

ವೈಟ್‌ಫೀಲ್ಡ್ ಸಾಗಣೆ:

ಬಸವನಗುಡಿಯವರ ಮಾತಿಗೆ ನನ್ನ ಕಡೆಯಿಂದ ಒಂದು ಸೇರಿಕೆ. ಸಹಾಯಕ್ಕೆ ಬರುವ ಪಡೆ ನಿಧಾನ ಅಂತ ಗೊತ್ತಾದರೆ, ಅದು ಬರುವಷ್ಟರಲ್ಲಿ ಕೆಲಸ ಮುಗಿಸಿಬಿಡೋಣ ಅಂತ ದಾಳಿ ಮಾಡುವವನಿಗೆ ಆಸೆ ಹುಟ್ಟುತ್ತದೆ. ನಮಗೇ ಅದರ ಪಾಠ ಇದೆ. 2001ರ ಡಿಸೆಂಬರ್‌ನಲ್ಲಿ ಸಂಸತ್ ಮೇಲೆ ದಾಳಿ ಆದ ಮೇಲೆ ಆಪರೇಷನ್ ಪರಾಕ್ರಮ್ ಶುರುವಾಯಿತು. ದೇಶದ ಒಳಭಾಗದಲ್ಲಿದ್ದ ದಾಳಿ ಕೋರ್‌ಗಳು ಗಡಿ ಸೇರಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಪಾಕಿಸ್ತಾನವೂ ಸಿದ್ಧ, ಬೇರೆ ದೇಶಗಳ ಒತ್ತಡವೂ ಶುರು. ಅದರ ನಂತರವೇ ನಮ್ಮ ಸೇನೆ ಬೇಗ ಹೊರಡುವ ಪಡೆಗಳ ಬಗ್ಗೆ ಗಂಭೀರವಾಗಿ ಯೋಚಿಸಿದ್ದು.

ಈಗ ಯುರೋಪಿನ ದಾರಿಗೆ ಬರೋಣ. ನನಗೆ ಇದನ್ನು ಹೇಳದಿದ್ದರೆ ಸಮಾಧಾನ ಇಲ್ಲ.

ಮೊದಲು ಹಳಿ. ಬೈಯಪ್ಪನಹಳ್ಳಿಯಲ್ಲಿ ನಿಂತು ನೋಡಿ. ಮೆಟ್ರೊ ಹಳಿ 1435 ಮಿ.ಮೀ. ಅಗಲ, ಪಕ್ಕದಲ್ಲೇ ರೈಲ್ವೆ ಹಳಿ 1676 ಮಿ.ಮೀ. ಒಂದರ ಗಾಡಿ ಇನ್ನೊಂದರ ಮೇಲೆ ಹೋಗುವುದಿಲ್ಲ. ಬಾಲ್ಟಿಕ್ ದೇಶಗಳಲ್ಲೂ ಇದೇ ಕಥೆ. ಜರ್ಮನಿ, ಪೋಲೆಂಡ್‌ನಲ್ಲಿ 1435. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾದಲ್ಲಿ ರಷ್ಯಾ ಕಾಲದ 1520. ಪೋಲೆಂಡ್‌ನಿಂದ ಬರುವ 1435ರ ಹಳಿ ಲಿಥುವೇನಿಯಾದ ಕೌನಸ್‌ವರೆಗೆ ಬಂದಿದೆ. ಅಲ್ಲಿಂದ ಮುಂದೆ ಟ್ಯಾಂಕುಗಳನ್ನು ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಬೇಕು. ಟ್ಯಾಲಿನ್‌ವರೆಗೂ ಒಂದೇ ಅಳತೆಯ ಹಳಿ ಹಾಕುವ ರೈಲ್ ಬಾಲ್ಟಿಕಾ ಕೆಲಸ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ.

ಜಾಗವೂ ಇಕ್ಕಟ್ಟು. ಪೋಲೆಂಡ್ ಮತ್ತು ಲಿಥುವೇನಿಯಾ ನಡುವಿನ ಗಡಿಯನ್ನು ನೇರ ಗೆರೆಯಲ್ಲಿ ಅಳೆದರೆ ಸುಮಾರು 65 ಕಿ.ಮೀ. ಮಾತ್ರ. ಒಂದು ಕಡೆ ರಷ್ಯಾದ ಕಲಿನಿನ್‌ಗ್ರಾಡ್, ಇನ್ನೊಂದು ಕಡೆ ಬೆಲಾರುಸ್. ಸುವಾಲ್ಕಿ ಅಂತ ಸುದ್ದಿಯಲ್ಲಿ ಬರುವ ಜಾಗ ಅದೇ. ನೆಲದ ಮೇಲೆ ಬಾಲ್ಟಿಕ್ ದೇಶಗಳಿಗೆ ಹೋಗಬೇಕಾದರೆ ಅದೊಂದೇ ಬಾಗಿಲು.

ಆಮೇಲೆ ಕಾಗದ. ನ್ಯಾಟೊ ಸಾಮಾನು ಗಡಿ ದಾಟಲು ಫಾರ್ಮ್ 302 ಅಂತ ಕಸ್ಟಮ್ಸ್ ಪತ್ರ ಇದೆ. ನಮ್ಮ ಬಿಲ್ ಆಫ್ ಎಂಟ್ರಿ ಮಾಡುವವರಿಗೆ ಇದರ ಬೆಲೆ ಗೊತ್ತು. ಒಂದು ಸಾಲು ತಪ್ಪಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಸೇನೆ ಗಡಿ ದಾಟಲು ಐದು ಕೆಲಸದ ದಿನದೊಳಗೆ ಅನುಮತಿ ಕೊಡುತ್ತೇವೆ ಅಂತ ಯುರೋಪಿಯನ್ ಒಕ್ಕೂಟದ ದೇಶಗಳು 2018ರಲ್ಲೇ ಮಾತು ಕೊಟ್ಟವು. 2025ರ ಆರಂಭದಲ್ಲಿ ಒಕ್ಕೂಟದ ಲೆಕ್ಕ ಪರಿಶೋಧಕರು ವರದಿ ಕೊಟ್ಟರು. ಒಂದು ದೇಶ ಇನ್ನೂ 45 ದಿನ ಮೊದಲು ಅರ್ಜಿ ಕೇಳುತ್ತಿದೆ ಅಂತ ಅದರಲ್ಲಿದೆ. ಒಂದು ದೇಶದ ಟ್ಯಾಂಕುಗಳು ಪಕ್ಕದ ದೇಶದ ರಸ್ತೆ ಭಾರದ ಮಿತಿ ಮೀರುತ್ತವೆ ಅಂತ ಅಲ್ಲಿ ಹಾದು ಹೋಗಲಾಗಲಿಲ್ಲ ಅಂತಲೂ ಇದೆ. ಯೋಚನೆ ಮಾಡಿ, ಮಿತ್ರದೇಶದ ಟ್ಯಾಂಕು!

ಸುಧಾರಣೆ ಆಗುತ್ತಿಲ್ಲ ಅಂತಲ್ಲ. 2024ರ ಜನವರಿಯಲ್ಲಿ ನೆದರ್ಲೆಂಡ್ಸ್, ಜರ್ಮನಿ, ಪೋಲೆಂಡ್ ಸೇರಿ ಬಂದರಿನಿಂದ ಪೂರ್ವದ ಗಡಿವರೆಗೆ ಒಂದು ಸೇನಾ ಕಾರಿಡಾರ್‌ಗೆ ಸಹಿ ಹಾಕಿದವು. ಜರ್ಮನಿಯ ಉಲ್ಮ್‌ನಲ್ಲಿ ಈ ಸಾಗಣೆ ನೋಡಿಕೊಳ್ಳುವುದಕ್ಕೇ ಒಂದು ನ್ಯಾಟೊ ಕಮಾಂಡ್ ಇದೆ. ದೂರದಿಂದ ಬರುವುದನ್ನೇ ನಂಬಿ ಕೂರುವುದು ಬೇಡ ಅಂತ ಜರ್ಮನಿ ಲಿಥುವೇನಿಯಾದಲ್ಲಿ ಸುಮಾರು 5,000 ಜನರ ಬ್ರಿಗೇಡ್ ಅನ್ನು ಕಾಯಂ ಆಗಿ ಇರಿಸಲು ಹೊರಟಿದೆ.

ಯಲಹಂಕ ರನ್‌ವೇ:

ಅಣ್ಣ, ನೆಲದ ಕಥೆ ಸರಿ. ಗಾಳಿಯಲ್ಲೂ ಇದೇ ಪ್ರಶ್ನೆ ಇದೆ. ತರಂಗ್ ಶಕ್ತಿ 2024ರಲ್ಲಿ ಆಗಸ್ಟ್‌ನಲ್ಲಿ ಸೂಲೂರಿನಲ್ಲಿ, ಆಮೇಲೆ ಜೋಧ್‌ಪುರದಲ್ಲಿ ನಡೆಯಿತು. ನಮ್ಮ ವಾಯುಪಡೆ ಆತಿಥ್ಯ ವಹಿಸಿದ ಮೊದಲ ಬಹುರಾಷ್ಟ್ರೀಯ ಅಭ್ಯಾಸ. ಸೂಲೂರಿಗೆ ಜರ್ಮನಿ, ಫ್ರಾನ್ಸ್, ಸ್ಪೇನ್, ಬ್ರಿಟನ್ ಬಂದವು. ನಮ್ಮ ಎಚ್‌ಎಎಲ್‌ನಲ್ಲಿ ತಯಾರಾದ ತೇಜಸ್ ಜರ್ಮನಿಯ ಯೂರೋಫೈಟರ್ ಜೊತೆ ಹಾರಿತು. ನನಗಂತೂ ಎದೆ ತುಂಬಿ ಬಂತು.

ನಾನು ಹೇಳಬೇಕಾದದ್ದು ಟ್ಯಾಂಕರ್ ವಿಮಾನದ ಬಗ್ಗೆ. ಗಾಳಿಯಲ್ಲಿ ಇಂಧನ ತುಂಬುವುದು ಎರಡು ಥರ. ಉದ್ದನೆ ಗಟ್ಟಿ ಕೊಳವೆ ಇಳಿಸಿ ತುಂಬುವುದು ಒಂದು. ಮೆತ್ತನೆ ಪೈಪಿನ ತುದಿಯ ಬುಟ್ಟಿಗೆ ಫೈಟರ್ ತನ್ನ ಮೂತಿ ಸೇರಿಸುವುದು ಇನ್ನೊಂದು. ಅಮೆರಿಕ ವಾಯುಪಡೆಯ ಎಫ್-16 ಮೊದಲನೇ ಥರ. ನಮ್ಮ ಸುಖೋಯ್, ರಫೇಲ್, ತೇಜಸ್ ಎಲ್ಲ ಎರಡನೇ ಥರ. ಫ್ರಾನ್ಸ್‌ನವರದ್ದೂ ಅದೇ. ಹಾಗಾಗಿಯೇ 2020ರ ಜುಲೈನಲ್ಲಿ ಮೊದಲ ರಫೇಲ್‌ಗಳು ಅಂಬಾಲಕ್ಕೆ ಬರುವಾಗ ದಾರಿಯಲ್ಲಿ ಫ್ರಾನ್ಸ್‌ನ ಟ್ಯಾಂಕರ್ ಇಂಧನ ಕೊಟ್ಟಿತು. ನಮ್ಮ ಹತ್ತಿರ ಇರುವ ಐಎಲ್-78 ಟ್ಯಾಂಕರ್ ಬರೀ ಆರು. ದೂರ ಹೋಗಬೇಕಾದರೆ ಮಿತ್ರರ ಟ್ಯಾಂಕರ್ ಬೇಕೇ ಬೇಕು.

ಬಸವನಗುಡಿ ಪ್ರಶ್ನೆ:

ಹಾಗಾದರೆ ನಾವು ಯಾರ ಮಿತ್ರಪಡೆ? ಭಾರತ ಯಾವ ಸೇನಾ ಮೈತ್ರಿಕೂಟದಲ್ಲೂ ಇಲ್ಲ. ಯಾರೋ ನಮ್ಮ ಸಹಾಯಕ್ಕೆ ಬರುತ್ತಾರೆ ಅಂತ ಕರಾರಿಲ್ಲ, ನಾವು ಹೋಗುತ್ತೇವೆ ಅಂತಲೂ ಇಲ್ಲ. ನ್ಯಾಟೊಗೆ ಐದನೇ ವಿಧಿ ಇದೆ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅಂತ. ನಮಗೆ ಏನಿದೆ?

ಹಲಸೂರು ಸ್ಯಾಪರ್:

ಕರಾರು ಇಲ್ಲ ನಿಜ ಸಾರ್, ಇರಲೂ ಬೇಡ ಅನ್ನೋನು ನಾನು. ಆದರೆ ಪರಿಚಯ ಇರಬೇಕು. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ದಂಗೆಯಾಯಿತು. ಅವರು ಸಹಾಯ ಕೇಳಿದ ದಿನವೇ ಆಗ್ರಾದಿಂದ ನಮ್ಮ ಪ್ಯಾರಾ ಪಡೆ ಐಎಲ್-76 ವಿಮಾನದಲ್ಲಿ ಹೊರಟು 2,000 ಕಿ.ಮೀ.ಗೂ ಹೆಚ್ಚು ಹಾರಿ ರಾತ್ರಿ ಹುಲ್‌ಹುಲೆಯಲ್ಲಿ ಇಳಿಯಿತು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ನಮ್ಮ ಬೆಂಗಳೂರಲ್ಲೇ ಇದೆ. ಹೋದವರು ಧೈರ್ಯವಂತರು, ಕೆಲಸ ಮುಗಿಸಿ ಬಂದರು. ಆದರೆ ವಿಮಾನ ನಿಲ್ದಾಣ ಯಾರ ಕೈಯಲ್ಲಿದೆ ಅನ್ನುವ ಆತಂಕದಲ್ಲೇ ಇಳಿಯಬೇಕಾಯಿತು. ಈಗ ಮಾಲ್ಡೀವ್ಸ್ ಜೊತೆ ಏಕುವೆರಿನ್ ಅಭ್ಯಾಸ ನಡೆಯುತ್ತದೆ. ನಮ್ಮ ಬೆಳಗಾವಿಯಲ್ಲೂ ನಡೆದಿದೆ. ಅದೇ ಬೆಳಗಾವಿಗೆ 2008ರಲ್ಲಿ ಚೀನಾ ಸೈನಿಕರು, 2022ರಲ್ಲಿ ಜಪಾನ್ ಸೈನಿಕರು ಅಭ್ಯಾಸಕ್ಕೆ ಬಂದಿದ್ದರು.

ನೌಕಾಪಡೆಯ ಮಿಲನ್ ಅಭ್ಯಾಸ 1995ರಲ್ಲಿ ಅಂಡಮಾನ್‌ನಲ್ಲಿ ನಾಲ್ಕು ದೇಶಗಳ ಅತಿಥಿಗಳಿಂದ ಶುರುವಾಯಿತು. 2024ರಲ್ಲಿ ವಿಶಾಖಪಟ್ಟಣಕ್ಕೆ ಸುಮಾರು 50 ದೇಶ ಬಂದವು. ಅಮೆರಿಕದ ಜೊತೆ 2016ರಲ್ಲಿ, ಆಮೇಲೆ ಫ್ರಾನ್ಸ್, ಆಸ್ಟ್ರೇಲಿಯಾ, ಜಪಾನ್ ಜೊತೆ ಇಂಧನ, ರೇಷನ್, ರಿಪೇರಿ ಹಂಚಿಕೊಳ್ಳುವ ಒಪ್ಪಂದಗಳಾದವು. ಹಣ ಕೊಟ್ಟು ತಗೊಳ್ಳುವುದು, ಯಾರೂ ಯಾರ ಯುದ್ಧಕ್ಕೂ ಹೋಗಬೇಕಾಗಿಲ್ಲ. ಹಡಗು ದೂರದಲ್ಲಿ ಕೆಟ್ಟು ನಿಂತಾಗ ಅಂಥ ಒಂದು ಕಾಗದ ಎಷ್ಟು ದೊಡ್ಡದು ಅಂತ ನಾವಿಕರನ್ನು ಕೇಳಿ.

ರಾತ್ರಿ ಪಾಳಿ ನರ್ಸ್:

ಎಲ್ಲವನ್ನೂ ಓದಿದೆ. ನೀವೆಲ್ಲ ಮುಂದಕ್ಕೆ ಹೋಗುವ ದಾರಿಯನ್ನೇ ಹೇಳುತ್ತಿದ್ದೀರಿ. ಅದೇ ದಾರಿಯಲ್ಲಿ ಹಿಂದಕ್ಕೆ ಬರುವವರು ಯಾರು?

2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೊದಲ ತಿಂಗಳಲ್ಲೇ 35 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅರ್ಧಕ್ಕಿಂತ ಜಾಸ್ತಿ ಜನ ಪೋಲೆಂಡ್‌ಗೆ ಬಂದರು. ತಾಯಂದಿರು, ಮಕ್ಕಳು, ವಯಸ್ಸಾದವರು. ಅದೇ ರೈಲು ನಿಲ್ದಾಣ, ಅದೇ ರಸ್ತೆ. ಆ ಹೊತ್ತಲ್ಲಿ ಪೂರ್ವಕ್ಕೆ ಟ್ಯಾಂಕು ಹೋಗಬೇಕಾಗಿದ್ದರೆ? ಆ ವರ್ಷ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು ಅನ್ನುವ ನೆರವು ಸಂಸ್ಥೆ) ವೈದ್ಯರು ಉಕ್ರೇನ್ ರೈಲ್ವೆ ಜೊತೆ ಸೇರಿ ರೈಲನ್ನೇ ಆಸ್ಪತ್ರೆ ಮಾಡಿ ಪೂರ್ವದ ಊರುಗಳಿಂದ ಗಾಯಾಳುಗಳನ್ನು ಪಶ್ಚಿಮಕ್ಕೆ ತಂದರು.

ನಾನು ತುರ್ತು ಘಟಕದಲ್ಲಿ ಕೆಲಸ ಮಾಡುತ್ತೇನೆ. ಒಂದು ಬಸ್ ಅಪಘಾತ ಆದರೆ ಒಟ್ಟಿಗೆ ಹದಿನೈದು ಜನ ಬರುತ್ತಾರೆ. ಬಂದ ತಕ್ಷಣ ಬಾಗಿಲಲ್ಲೇ ಬಣ್ಣದ ಪಟ್ಟಿ ಕಟ್ಟುತ್ತೇವೆ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ಕಾಯಬಹುದು, ಹಸಿರು ಅಂದರೆ ನಡೆದಾಡುತ್ತಾರೆ. ರಕ್ತದ ಗುಂಪು, ಅಲರ್ಜಿ, ಕೊಟ್ಟ ಔಷಧಿ, ಕೊಟ್ಟ ಸಮಯ ಎಲ್ಲ ಬರೆಯಬೇಕು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗದಿದ್ದರೆ ಅದೇ ಔಷಧಿ ಎರಡು ಸಲ ಹೋಗಿಬಿಡುತ್ತದೆ. ನಾಲ್ಕು ದೇಶದ ಸೈನಿಕರು ಒಂದೇ ಆಸ್ಪತ್ರೆಗೆ ಬಂದರೆ ಆ ಚೀಟಿ ಯಾವ ಭಾಷೆಯಲ್ಲಿರುತ್ತದೆ? ಅಭ್ಯಾಸದಲ್ಲಿ ಇದನ್ನೂ ಮಾಡುತ್ತಾರಾ, ಅಥವಾ ಬರೀ ಗಾಡಿ ಓಡಿಸಿ ಮುಗಿಸುತ್ತಾರಾ?

ಹಲಸೂರು ಸ್ಯಾಪರ್:

ಮಾಡುತ್ತಾರೆ ತಾಯಿ. ಸುಳ್ಳು ಗಾಯದ ಚೀಟಿ ಕುತ್ತಿಗೆಗೆ ಹಾಕಿ ಹುಡುಗರನ್ನು ಮಲಗಿಸುತ್ತಾರೆ. ಸ್ಟ್ರೆಚರ್ ಹೊರುವುದು, ಹೆಲಿಕಾಪ್ಟರಿಗೆ ಹತ್ತಿಸುವುದು ಎಲ್ಲ ಇರುತ್ತದೆ. ಆದರೆ ನನ್ನ ಕಾಲದಲ್ಲಿ ಅದು ಕಾರ್ಯಕ್ರಮದ ಕೊನೆಯಲ್ಲಿ ಬರುತ್ತಿತ್ತು. ನೀವು ಹೇಳಿದ ಹಾಗೆ ಒಂದೇ ರಸ್ತೆಯಲ್ಲಿ ಎರಡೂ ದಿಕ್ಕಿನ ಹರಿವನ್ನು ಒಟ್ಟಿಗೆ ಇಟ್ಟು ಅಭ್ಯಾಸ ಮಾಡಿದ್ದನ್ನು ನಾನು ನೋಡಿಲ್ಲ.

ಗಿರಿನಗರದ ಟೀಚರ್:

ಪಶ್ಚಿಮ ಜರ್ಮನಿಯಲ್ಲಿ ಇದಕ್ಕೆ ಒಂದು ನೀತಿಯೇ ಇತ್ತು. ಯುದ್ಧ ಬಂದರೆ ಜನ ಮನೆ ಬಿಟ್ಟು ರಸ್ತೆಗೆ ಬರಬಾರದು, ಇದ್ದಲ್ಲೇ ಇರಬೇಕು ಅಂತ. ಸೇನೆಗೆ ರಸ್ತೆ ಖಾಲಿ ಇರಲಿ ಅನ್ನುವುದು ಅದರ ಮುಖ್ಯ ಕಾರಣ. ತಲೆ ಮೇಲೆ ಬಾಂಬು ಬೀಳುವಾಗ ಮಕ್ಕಳನ್ನು ಕಟ್ಟಿಕೊಂಡು ಯಾರು ಮನೆಯಲ್ಲೇ ಕೂರುತ್ತಾರೆ? ಕಾಗದದ ಮೇಲೆ ಬರೆದವರಿಗೆ ಅದು ಸುಲಭವಾಗಿತ್ತು. ನರ್ಸ್ ಅವರು ಕೇಳಿದ್ದು ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಅಂತ ನನಗನ್ನಿಸುತ್ತದೆ.

ಬಸವನಗುಡಿ ಪ್ರಶ್ನೆ:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅಭ್ಯಾಸ ಬೇಡ ಅನ್ನುವುದಿಲ್ಲ. ಆದರೆ ಎಷ್ಟು ಟ್ಯಾಂಕು ಎಷ್ಟು ದಿನದಲ್ಲಿ ತಲುಪಿತು ಅಂತ ಹೇಳುವವರು, ಎಷ್ಟು ಗಾಯಾಳುಗಳನ್ನು ಎಷ್ಟು ಗಂಟೆಯಲ್ಲಿ ವಾಪಸ್ ತರಬಹುದು, ಎಷ್ಟು ಜನ ನಾಗರಿಕರಿಗೆ ಯಾವ ರಸ್ತೆ ಬಿಟ್ಟಿದ್ದೇವೆ ಅನ್ನುವುದನ್ನೂ ಹೇಳಲಿ. ವೇಗದ ಬಗ್ಗೆ ನನಗಿರುವ ಭಯ ಮಾತ್ರ ಹಾಗೇ ಇದೆ.

ವೈಟ್‌ಫೀಲ್ಡ್ ಸಾಗಣೆ:

ನರ್ಸ್ ಮೇಡಂ, ಸಾಗಣೆಯವನಾಗಿ ಒಂದು ಮಾತು. ಮುಂದಕ್ಕೆ ಟ್ಯಾಂಕು ಇಳಿಸಿದ ರೈಲು ಖಾಲಿ ವಾಪಸ್ ಬರುತ್ತದೆ. ಆದರೆ ಅದು ಬರೀ ಚಪ್ಪಟೆ ಬೋಗಿ, ಅದರಲ್ಲಿ ಗಾಯಾಳುಗಳನ್ನು ಮಲಗಿಸಲಾಗುವುದಿಲ್ಲ. ಪ್ರತಿ ರೈಲಿಗೂ ಎರಡು ಮೂರು ಮುಚ್ಚಿದ ಬೋಗಿ ಮೊದಲೇ ಸೇರಿಸಿ ಕಳಿಸಿದರೆ ವಾಪಸ್ ಬರುವಾಗ ಉಪಯೋಗವಾಗುತ್ತದೆ. ಸ್ಟ್ರೆಚರ್ ಬಾಗಿಲಲ್ಲಿ ತಿರುಗುವುದಕ್ಕೆ ಎಷ್ಟು ಅಗಲ ಬೇಕು, ಒಂದು ಬೋಗಿಗೆ ಎಷ್ಟು ಆಕ್ಸಿಜನ್ ಸಿಲಿಂಡರ್ ಬೇಕಾಗುತ್ತದೆ, ನಿಮಗೆ ಬಿಡುವಾದಾಗ ಬರೆಯಿರಿ. ಭಾರ ಮತ್ತು ಜಾಗದ ಲೆಕ್ಕ ನಾನು ಹಾಕಿ ಇಲ್ಲೇ ಹಾಕುತ್ತೇನೆ.